ತಿರುಗುಮುರುಗಾದ ತೋಳು

ಕೆಲಸ ಹೋದ ಹನ್ನೆರಡನೇ ದಿನ, ಯಾರ ಮುಖವನ್ನು ಇನ್ನೊಮ್ಮೆ ನೋಡಬಾರದು ಎಂದುಕೊಂಡಿದ್ದೆನೋ ಅವನ ಅಂಗಡಿಯ ಮೆಟ್ಟಿಲ ಮೇಲೆ ನಿಂತಿದ್ದೆ.

"ಬನ್ನಿ ಮೇಡಂ," ಎಂದ, ಮೆಷಿನ್ನಿಂದ ತಲೆ ಎತ್ತದೆ. "ಇಲ್ಲಿ ತಪ್ಪು ಹುಡುಕೋ ಕೆಲಸ ಖಾಲಿ ಇಲ್ಲ."

"ಹೊಲಿಗೆ ಕಲಿಯೋಕೆ ಬಂದಿದೀನಿ."

ಮೆಷಿನ್ ನಿಂತಿತು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಆ ನೋಟದಲ್ಲಿ ಕನಿಕರವಿದ್ದರೆ ಅಲ್ಲಿಂದಲೇ ತಿರುಗಿ ಹೋಗುತ್ತಿದ್ದೆ. ಪುಣ್ಯಕ್ಕೆ ಬರೀ ಸಿಟ್ಟಿತ್ತು.

ಒಂಬತ್ತು ವರ್ಷ ನಾನು ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಚೆಕ್ಕರ್ ಆಗಿದ್ದೆ. ಒಂದು ಸೋಮವಾರ ಹೋದರೆ ಗೇಟಿಗೆ ಬೀಗ, ಪಕ್ಕದಲ್ಲಿ ಒಂದು ನೋಟಿಸು. ಬೇರೆಯವರ ಹೊಲಿಗೆಯಲ್ಲಿ ಕೂದಲೆಳೆಯಷ್ಟು ಸೊಟ್ಟ ಕಂಡರೂ ಹಿಡಿಯುತ್ತಿದ್ದ ನನಗೆ ಒಂದು ನೇರ ಗೆರೆ ಹೊಲಿಯಲು ಬರುತ್ತಿರಲಿಲ್ಲ. ಮೂವತ್ತನಾಲ್ಕನೇ ವಯಸ್ಸಿನಲ್ಲಿ ಅದು ಅರಿವಾಗುವುದು ಎಂಥ ಅವಮಾನ! ಇವನು ಅದೇ ಫ್ಯಾಕ್ಟರಿಯಲ್ಲಿ ಟೈಲರ್ ಆಗಿದ್ದವನು. ಮೂರು ವರ್ಷದ ಹಿಂದೆ ಇವನ ಕೋಟುಗಳನ್ನು ಒಂದರ ಹಿಂದೆ ಒಂದು ರಿಜೆಕ್ಟ್ ಮಾಡಿದವಳು ನಾನು. ಅದಕ್ಕೇ ಇವನ ಕೆಲಸ ಹೋಯಿತು. "ಅವನಷ್ಟು ಚೆನ್ನಾಗಿ ಹೇಳಿಕೊಡೋರು ಯಾರಿದಾರೆ, ನಿನ್ನ ಜಂಬ ಮೂಟೆ ಕಟ್ಟಿಟ್ಟು ಹೋಗು," ಎಂದು ಚಿಕ್ಕಮ್ಮ ನನ್ನನ್ನು ದಬ್ಬಿದ್ದಳು.

"ಒಂದು ತಿಂಗಳು," ಎಂದ. "ಕಲಿತರೆ ಇರಿ. ಇಲ್ಲಾಂದ್ರೆ ಬಂದ ಬಾಗಿಲು ಅಲ್ಲೇ ಇದೆ."

ಮೊದಲ ವಾರವೆಲ್ಲ ಬರೀ ಹೊಲಿಗೆ ಬಿಚ್ಚಿಸಿದ. ಎರಡನೇ ವಾರ ಹೊಲಿಸಿ, ಅದನ್ನೂ ನನ್ನ ಕೈಯಿಂದಲೇ ಬಿಚ್ಚಿಸಿದ.

"ಸೇಡು ತೀರಿಸ್ಕೊಳ್ತಿದೀರಾ ಮಾಸ್ಟರ್ರೇ?"

"ಹೂಂ. ಮಧ್ಯೆ ಮಾತಾಡಬೇಡಿ, ಸೂಜಿ ಮುರಿಯುತ್ತೆ."

ಗುಂಡುಸೂಜಿ ಕಚ್ಚಿಕೊಂಡ ಅವನ ತುಟಿಯ ಒಂದು ಅಂಚು ಮಾತ್ರ ಮೇಲೇರುತ್ತಿತ್ತು. ಅದನ್ನು ಗಮನಿಸಿದ್ದಕ್ಕೆ ನನ್ನ ಮೇಲೆ ನನಗೇ ರೇಗುತ್ತಿತ್ತು. ಬಟ್ಟೆ ತಿರುಗಿಸುವಾಗ ಅವನ ಬೆರಳು ನನ್ನ ಬೆರಳಿಗೆ ತಾಗಿದರೆ ಇಬ್ಬರೂ ಕೆಂಡ ಮುಟ್ಟಿದವರಂತೆ ಕೈ ಎಳೆದುಕೊಳ್ಳುತ್ತಿದ್ದೆವು, ಆಮೇಲೆ ಇನ್ನಷ್ಟು ಜೋರಾಗಿ ಜಗಳವಾಡುತ್ತಿದ್ದೆವು.

ತಿಂಗಳು ತುಂಬಲು ಎರಡು ದಿನವಿರುವಾಗ ಒಬ್ಬ ವಕೀಲರ ಕರಿ ಕೋಟಿಗೆ ತೋಳು ಕೂರಿಸಿದೆ. ಹೊಲಿಗೆ ಎಷ್ಟು ಅಚ್ಚುಕಟ್ಟಾಗಿತ್ತೆಂದರೆ ನಾನೇ ಚೆಕ್ ಮಾಡಿದ್ದರೂ ಪಾಸ್ ಮಾಡುತ್ತಿದ್ದೆ. ಆ ಜಂಬದಲ್ಲಿ ಅವನಿಗೆ ತೋರಿಸದೆಯೇ ಮಡಚಿ ಕಳಿಸಿಬಿಟ್ಟೆ. ಮರುದಿನ ವಕೀಲರು ಅದನ್ನು ತೊಟ್ಟುಕೊಂಡೇ ಬಂದು ಅಂಗಡಿಯ ನಡುವೆ ನಿಂತರು. ಎರಡು ತೋಳೂ ಹಿಂದಕ್ಕೆ ತಿರುಗಿದ್ದವು. ಎಡದ ತೋಳನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಕೂರಿಸಿದ್ದೆ!

"ಯಾರ್ರೀ ಇದನ್ನ ಹೊಲಿದದ್ದು?"

"ನಾನೇ ಸಾರ್," ಎಂದ ಅವನು. "ಸಂಜೆಗೆ ಸರಿಮಾಡಿ ಕೊಡ್ತೀನಿ."

ವಕೀಲರು ಕೋಟು ಬಿಚ್ಚಿಕೊಟ್ಟು, ಬೈದು ಹೋದ ಮೇಲೆ ನನ್ನ ಪಿತ್ತ ನೆತ್ತಿಗೇರಿತು.

"ನನ್ನ ತಪ್ಪನ್ನ ಹೊತ್ಕೊಳ್ಳಿ ಅಂತ ನಾನು ಕೇಳಿದ್ನಾ? ನನಗೆ ನಿಮ್ಮ ಭಿಕ್ಷೆ ಬೇಡ. ನಿಮ್ಮ ಕೆಲಸ ಕಳೆದವಳು ನಾನು, ಅದನ್ನೇ ಇನ್ನೂ ಅರಗಿಸ್ಕೊಳ್ಳಕ್ಕಾಗಿಲ್ಲ."

"ಕಳೆದದ್ದು ನೀವಲ್ಲ." ಕೋಟನ್ನು ಮೇಜಿಗೆ ಎಸೆದ. "ಫ್ಯಾಕ್ಟರೀಲಿ ನಾನೇ ಬೇಕಂತಲೇ ಸೊಟ್ಟ ಹೊಲಿದೆ."

"ಏನು?"

"ಸರಿಯಾಗಿ ಹೊಲಿದ್ರೆ ನೀವು ತಿರುಗಿ ಕೂಡ ನೋಡ್ತಿರಲಿಲ್ಲ, ಪಾಸ್ ಅಂತ ಮುಂದಕ್ಕೆ ಹೋಗ್ಬಿಡ್ತಿದ್ರಿ. ತಪ್ಪಿದ್ರೆ ಮಾತ್ರ ನನ್ನ ಮೆಷಿನ್ ಹತ್ರ ಬಂದು ನಿಲ್ತಿದ್ರಿ. ಬೈಯೋಕೇ ಆದ್ರೂ ನಿಲ್ತಿದ್ರಲ್ಲ. ವಾರಕ್ಕೊಂದು ಗುಂಡಿಯಿಂದ ಶುರುವಾಯ್ತು. ಕೊನೇಗೆ ಕೈಮೀರಿತು."

ಮೂರು ವರ್ಷ! ಒಬ್ಬನ ಅನ್ನ ಕಿತ್ತುಕೊಂಡೆನೆಂದು ಮೂರು ವರ್ಷ ಒಳಗೊಳಗೇ ಬೆಂದಿದ್ದೆ. ಎದೆ ಡವಗುಟ್ಟುತ್ತಿತ್ತು, ಕಪಾಳಕ್ಕೆ ಬಾರಿಸಬೇಕೆನಿಸುತ್ತಿತ್ತು, ಎರಡೂ ಒಟ್ಟಿಗೇ.

"ನಿಮ್ಮಂಥ ಪೆದ್ದನ್ನ ನಾನೆಲ್ಲೂ ನೋಡಿಲ್ಲ!"

"ಗೊತ್ತು. ನಾಳೆಗೆ ತಿಂಗಳು ಮುಗಿಯುತ್ತೆ. ಹೋಗೋದಿದ್ರೆ ಹೋಗಿ, ತಡೆಯಲ್ಲ."

ಹೋಗಬಹುದಿತ್ತು. ಆದರೆ ಮೇಜಿನ ಮೇಲೆ ಬಿದ್ದಿದ್ದ ಆ ಕೋಟು ನನ್ನದು. ಒಂಬತ್ತು ವರ್ಷದಲ್ಲಿ ನಾನೇ ಮಾಡಿದ ಮೊದಲ ವಸ್ತು ಅದು. ಸ್ಟೂಲ್ ಎಳೆದುಕೊಂಡು ಕೂತೆ. ಅವನತ್ತ ನೋಡದೆ ತೋಳು ಬಿಚ್ಚಿದೆ, ಎಡ ಯಾವುದು ಬಲ ಯಾವುದೆಂದು ಮೂರು ಸಲ ನೋಡಿ ಗುಂಡುಸೂಜಿ ಚುಚ್ಚಿದೆ, ಹೊಲಿದೆ. ಮಧ್ಯಾಹ್ನ ಕಳೆಯಿತು. ಊಟಕ್ಕೆ ಇಬ್ಬರೂ ಏಳಲಿಲ್ಲ.

ಮುಗಿದಾಗ ಕೋಟನ್ನು ಅವನ ಮುಂದೆ ಹಿಡಿದೆ. "ಚೆಕ್ ಮಾಡಿ."

ಒಳಗೆ ಹೊರಗೆ ತಿರುಗಿಸಿ, ಬೆಳಕಿಗೆ ಹಿಡಿದು, ಹೊಲಿಗೆಯುದ್ದಕ್ಕೂ ಬೆರಳಾಡಿಸಿದ. ಬೇಕೆಂದೇ ನಿಧಾನ ಮಾಡಿದ.

"ತಪ್ಪಿಲ್ಲ," ಎಂದ ಕೊನೆಗೆ.

"ಕೆಲಸ ಸಿಕ್ಕಿತು ಅಂತಾನಾ?"

"ಸಿಕ್ಕಿತು."

ಕೋಟನ್ನು ಹ್ಯಾಂಗರಿಗೆ ಹಾಕಿದ. ಆದರೂ ನನ್ನ ಮೆಷಿನ್ ಪಕ್ಕದಿಂದ ಕದಲಲಿಲ್ಲ.

"ಮತ್ತೆ ಇನ್ನೂ ಯಾಕೆ ನಿಂತಿದೀರಿ?"

"ತಪ್ಪಿಲ್ಲದಿದ್ರೂ ನಿಲ್ಲಬಹುದು ಮೇಡಂ," ಎಂದ. "ಅದು ನಿಮಗೆ ಯಾವತ್ತೂ ಹೊಳೀಲೇ ಇಲ್ಲ."

ಉತ್ತರ ನಾಲಿಗೆಯ ತುದಿಯಲ್ಲಿತ್ತು, ಚೆನ್ನಾಗಿ ಚುಚ್ಚುವಂಥದ್ದೇ. ನುಂಗಿಕೊಂಡು, ಕೂರಲು ಅವನಿಗೆ ಜಾಗ ಮಾಡಿಕೊಟ್ಟೆ.