ಇಳಿದು ಬರುತ್ತಿದ್ದವನು

"ಪುಸ್ತಕ ಬದಲಾಯಿಸೋಕೆ ಇಷ್ಟೊಂದು ಅಲಂಕಾರಾನಾ?" ಎಂದು ಅತ್ತಿಗೆ ಪ್ರತಿ ಶನಿವಾರ ಛೇಡಿಸುವಳು. ಟೈಲರಮ್ಮ ಕೇಳಿಸದವಳಂತೆ ಗಾಲಿಕುರ್ಚಿ ತಿರುಗಿಸಿಕೊಂಡು ಹೊರಟುಬಿಡುವಳು.

ಲೈಬ್ರರಿಯ ಮೆಟ್ಟಿಲ ಕೆಳಗೆ ಅವಳ ಕುರ್ಚಿ ಬಂದು ನಿಂತರೆ ಸಾಕು, ಲೈಬ್ರರಿಯನ್ ಕಿಟಕಿಯಿಂದ ಕಂಡು, ಎರಡು ಪುಸ್ತಕ ಎದೆಗವಚಿಕೊಂಡು ಇಳಿದು ಬರುತ್ತಿದ್ದ. ಕೊನೆಯ ಮೆಟ್ಟಿಲ ಮೇಲೆ ಕೂರುತ್ತಿದ್ದ, ಅವಳ ಕಣ್ಣಿಗೆ ಕಣ್ಣು ಸಮವಾಗುವಂತೆ. ಅವಳ ಇಡೀ ವಾರ ಆ ಹತ್ತು ನಿಮಿಷಕ್ಕೆ ಜೋತುಬಿದ್ದಿರುತ್ತಿತ್ತು.

ಅವನು ತರುತ್ತಿದ್ದುದೆಲ್ಲ ಪ್ರೇಮ ಕಾದಂಬರಿ. ಅವಳಿಗೆ ಇಷ್ಟವಿದ್ದುದು ಪತ್ತೇದಾರಿ. ಹೇಳಿದರೆ ಆ ಮುಖ ಬಾಡೀತೆಂದು ಸುಮ್ಮನಿದ್ದಳು.

ಈ ಶನಿವಾರ ಮೆಟ್ಟಿಲ ಪಕ್ಕದಲ್ಲೊಂದು ಇಳಿಜಾರು ದಾರಿ ಸಿದ್ಧವಾಗಿತ್ತು. ಮೇಸ್ತ್ರಿ ಕಂಬಿಗೆ ಬಣ್ಣ ಬಳಿಯುತ್ತಿದ್ದ.

"ಇದು ಯಾವತ್ತೋ ಆಗಬೇಕಿತ್ತಕ್ಕ. ಹಿಂದೊಮ್ಮೆ ಅಳತೆ ತಗೊಳ್ಳೋಕೆ ಬಂದಿದ್ವಿ. ಲೈಬ್ರರಿ ಸಾರೇ ಬೇಡ ಅಂದ್ರು. ಬರೋದು ಒಬ್ಬರೇ, ನಾನೇ ತಂದುಕೊಡ್ತೀನಿ ಅಂದ್ರು. ಈ ಸಲ ಮೇಲಿನವರು ಬಿಡಲಿಲ್ಲ."

ಚಕ್ರದ ಮೇಲಿದ್ದ ಅವಳ ಕೈ ಹಾಗೇ ನಿಂತಿತು.

ಅಷ್ಟರಲ್ಲಿ ಲೈಬ್ರರಿಯನ್ ಎಂದಿನಂತೆ ಪುಸ್ತಕ ಹಿಡಿದು ಇಳಿದು ಬಂದ. ಅವಳು ಅವನ ಪಕ್ಕದಲ್ಲೇ ಹಾದು ಇಳಿಜಾರಿನಲ್ಲಿ ಮೇಲೇರಿದಳು.

ಒಳಗೆ ಕಪಾಟಿನುದ್ದಕ್ಕೂ ಬೆರಳಾಡಿಸುತ್ತ ಹೋದಳು. ಒಂದು ಪುಸ್ತಕ ಎಳೆದು, ನಾಲ್ಕು ಪುಟ ಓದಿ, ಬೇಡವೆಂದು ವಾಪಸ್ ಇಡುವುದರಲ್ಲಿ ಎಂಥ ಸುಖವಿತ್ತು! ಆ ಸುಖಕ್ಕೇ ಕಣ್ಣು ತುಂಬಿಬಂತು.

ಮುಖಪುಟದ ತುಂಬ ರಕ್ತವಿದ್ದ ಕೊಲೆ ಕಾದಂಬರಿಯೊಂದನ್ನು ತಂದು ಅಷ್ಟರಲ್ಲಿ ಮೇಲೆ ಬಂದು ಕೂತಿದ್ದ ಅವನ ಮೇಜಿನ ಮೇಲಿಟ್ಟಳು.

"ನಿಮಗೆ ಇಂಥವು ಇಷ್ಟಾನಾ? ಹೇಳಲೇ ಇಲ್ಲ."

"ನೀವು ಕೇಳಲೇ ಇಲ್ಲ."

ಸೀಲು ಹಿಡಿದ ಅವನ ಕೈ ಅರ್ಧದಲ್ಲೇ ನಿಂತಿತು. "ಮೇಸ್ತ್ರಿ ಎಲ್ಲ ಹೇಳಿದ್ನಾ? ಆ ದಾರಿ ಆಗಿಬಿಟ್ರೆ ನಾನು ಇಳಿದು ಬರೋಕೆ ನೆಪಾನೇ ಇರಲ್ಲ ಅನ್ನಿಸ್ತು. ನಿಮ್ಮನ್ನ ಕಂಡ್ರೆ... ನನಗೆ ಅಷ್ಟು ಇಷ್ಟ."

ಇದೇ ಮಾತಿಗಾಗಿ ಎಷ್ಟು ಶನಿವಾರ ಕಾದಿದ್ದಳು!

"ನಾನು ಮೇಲೆ ಬಂದಿದ್ರೆ ಹತ್ತೇ ನಿಮಿಷಕ್ಕೆ ಹೊರಟುಹೋಗ್ತಿದ್ನಾ?" ಎಂದಳು ಮೆಲ್ಲಗೆ. "ಬಾಗಿಲು ಹಾಕೋವರೆಗೂ ಕೂರ್ತಿದ್ದೆ. ನಿಮ್ಮೆದುರಿಗೇ."

ಅವನು ತಲೆ ತಗ್ಗಿಸಿ ಸೀಲು ಒತ್ತಿದ.

ಇಳಿಜಾರಿನಲ್ಲಿ ಅವಳೊಬ್ಬಳೇ ಇಳಿದಳು. ಮೆಟ್ಟಿಲ ಕೆಳಗಿನ ಹಳೆಯ ಜಾಗ ಬಂದಾಗ ಕೈಗಳು ತಾವಾಗಿಯೇ ಚಕ್ರ ಹಿಡಿದು ನಿಲ್ಲಿಸಿದವು. ಅವನು ಕಿಟಕಿಯಲ್ಲಿದ್ದ. ಕರೆದಿದ್ದರೆ ಬರುತ್ತಿದ್ದನೇನೋ. ಅವಳು ಕರೆಯಲಿಲ್ಲ.

ಮನೆಯಲ್ಲಿ ಅತ್ತಿಗೆ ನಗುತ್ತ ಕೇಳಿದಳು: "ಇವತ್ತೇನು ಕೊಟ್ರು ನಿನ್ನ ಸಾಹೇಬ್ರು?"

"ಅವರು ಕೊಡಲಿಲ್ಲ ಅತ್ತಿಗೆ, ನಾನೇ ತಗೊಂಡೆ" ಎಂದು ಅವಳು ಪುಸ್ತಕವನ್ನು ಎದೆಗವಚಿಕೊಂಡಳು.