ಬಾಲ ಬಾರದ ಹುಂಜ

ಹುಂಜಕ್ಕೆ ಕೊಕ್ಕು ಬಂತು, ಜುಟ್ಟು ಬಂತು, ಎದೆ ಬಂತು, ಕಾಲೂ ಬಂತು. ಬಾಲ ಶುರುವಾಗಿ ಕೆಂಪು ದಾರದ ನಾಲ್ಕು ಗೆರೆ ಬಿದ್ದಿತ್ತೋ ಇಲ್ಲವೋ, ಪಕ್ಕದಲ್ಲಿದ್ದ ಕಂಪ್ಯೂಟರಿನ ಪರದೆ ಕಪ್ಪಾಯಿತು. ಕಸೂತಿ ಮೆಷಿನ್ ಸೂಜಿಯನ್ನು ಮೇಲೆತ್ತಿಕೊಂಡು ಸುಮ್ಮನಾಯಿತು.

"ಮತ್ತೆ ಹೋಯ್ತಾ?" ಅಮ್ಮ ಕತ್ತರಿ ಕೆಳಗಿಟ್ಟು ಕೇಳಿದಳು.

"ಹೋಗಿಲ್ಲಮ್ಮ. ರೀಸ್ಟಾರ್ಟ್ ಆಗ್ತಿದೆ ಅಷ್ಟೆ," ಎಂದಳು ಜೀರುಂಡೆ.

"ನಾವು ಅದನ್ನೇ ಹೋಯ್ತು ಅನ್ನೋದು."

ನಿಂತಲ್ಲಿಂದ ಮುಂದುವರಿಯುವುದು ಆ ಮೆಷಿನ್ನಿಗೆ ಗೊತ್ತಿರಲಿಲ್ಲ. ಅಮ್ಮ ಬಟ್ಟೆಯನ್ನು ಬಿಡಿಸಿ ಪಕ್ಕಕ್ಕಿಟ್ಟಳು. ಅಲ್ಲಿ ಆಗಲೇ ಬಾಲವಿಲ್ಲದ ಹುಂಜಗಳ ಒಂದು ಪುಟ್ಟ ಹಿಂಡೇ ಇತ್ತು. ಶಾಲೆಯ ಫುಟ್‌ಬಾಲ್ ತಂಡದ ಜರ್ಸಿಗೆ ಹಚ್ಚಬೇಕಾದ ಬ್ಯಾಡ್ಜುಗಳು ಅವು. ಸೋಮವಾರ ಪಂದ್ಯ. ಇವತ್ತು ಶನಿವಾರ.

ಜೀರುಂಡೆ ಎಂಬುದು ಅವಳ ಮಾವ ಇಟ್ಟ ಹೆಸರು. ಸ್ವಿಚ್ ಹಾಕಿದ ಹಾಗೆ ಮಾತು ಶುರು ಮಾಡಿದರೆ ನಿಲ್ಲಿಸುವವಳಲ್ಲ ಅವಳು. ಈಗ ಮಾತ್ರ ತುಟಿ ಬಿಗಿಹಿಡಿದು ಕೂತಿದ್ದಳು. ಏಕೆಂದರೆ ಆ ಕಂಪ್ಯೂಟರನ್ನು ಜೋಡಿಸಿದವಳು ಅವಳೇ.

ಅಮ್ಮನ ಹಳೆಯ ಕಂಪ್ಯೂಟರ್ ಕಳೆದ ತಿಂಗಳು ಸುಟ್ಟ ವಾಸನೆ ಬಿಟ್ಟು ಕೆಟ್ಟುಹೋಗಿತ್ತು. ಅಮ್ಮನ ತಮ್ಮ, ಅಂದರೆ ಮಾವ, ಕಂಪ್ಯೂಟರ್ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ. ಅಲ್ಲಿ ಮೂಲೆಗೆ ಬಿದ್ದಿದ್ದ ಬಿಡಿಭಾಗಗಳನ್ನೆಲ್ಲ ಒಂದು ಚೀಲದಲ್ಲಿ ತಂದು ಊಟದ ಮೇಜಿನ ಮೇಲೆ ಹರಡಿ, "ನಾನು ಹೇಳ್ತೀನಿ, ನೀನು ಜೋಡಿಸು" ಎಂದಿದ್ದ. ಒಂದು ಇಡೀ ಭಾನುವಾರ ಜೀರುಂಡೆ ಊಟ ತಿಂಡಿ ಮರೆತು ಸ್ಕ್ರೂ ತಿರುಗಿಸಿದ್ದಳು. ಬಟನ್ ಒತ್ತಿದಾಗ ಫ್ಯಾನು ತಿರುಗಿ ಪರದೆ ಬೆಳಗಿತ್ತು. ಅವತ್ತು ಅವಳ ಕಾಲು ನೆಲದ ಮೇಲಿರಲಿಲ್ಲ.

ಅದಕ್ಕೆ ಹಾಕಿದ ಆಪರೇಟಿಂಗ್ ಸಿಸ್ಟಂ ಮಾತ್ರ ತೀರಾ ಹಳೆಯದು. ಕಸೂತಿ ಮೆಷಿನ್ನನ್ನು ನಡೆಸುವ ಪ್ರೋಗ್ರಾಂ ಬೇರೆ ಯಾವುದರಲ್ಲೂ ತೆರೆಯುತ್ತಿರಲಿಲ್ಲ. ಆ ಸಿಸ್ಟಂ ಮಾಡಿದ ಕಂಪನಿ ಅದರ ಕೈಬಿಟ್ಟು ವರ್ಷಗಳೇ ಆಗಿದ್ದವು. ಹೊಸ ಅಪ್‌ಡೇಟ್ ಬರುವುದಿಲ್ಲ, ಕೆಟ್ಟರೆ ಕೇಳುವವರಿಲ್ಲ. "ಇಂಟರ್ನೆಟ್ಟಿಗೆ ಮಾತ್ರ ಸಿಕ್ಕಿಸಬೇಡ. ಇದು ಚಿಲಕ ಇಲ್ಲದ ಮನೆ ಇದ್ದಂಗೆ, ಯಾರು ಬೇಕಾದ್ರೂ ನುಗ್ತಾರೆ," ಎಂದು ಮಾವ ಎಚ್ಚರಿಸಿದ್ದ.

ಜೀರುಂಡೆ ಮಾವನಿಗೆ ಫೋನ್ ಮಾಡಿದಳು.

"ಮಾವ, ಬಾಲ ಬರ್ತಿಲ್ಲ."

"ಯಾರಿಗೆ?"

"ಹುಂಜಕ್ಕೆ. ಪ್ರತಿ ಸಲ ಬಾಲದ ಹತ್ರಾನೇ ರೀಸ್ಟಾರ್ಟ್ ಆಗುತ್ತೆ. ಕೇಬಲ್ ಬದಲಾಯಿಸಿದೆ. ಡಿಸೈನ್ ಮತ್ತೆ ಕಾಪಿ ಮಾಡಿದೆ. ಮೆಮೊರಿ ಪಟ್ಟಿ ತೆಗೆದು ಒರೆಸಿ ವಾಪಸ್ ಸಿಕ್ಕಿಸಿದೆ."

"ಬಾಲದಲ್ಲಿ ಹೊಲಿಗೆ ಜಾಸ್ತಿ, ಸ್ಪೀಡೂ ಜಾಸ್ತಿ. ಅಷ್ಟೊಂದು ಆ ಮುದಿ ಸಿಸ್ಟಂಗೆ ಜೀರ್ಣ ಆಗ್ತಿಲ್ಲ ಕಣೇ. ನಾನು ಮೊದಲೇ ಹೇಳಿದ್ದೆ. ನಾಳೆ ಸಂಜೆ ಬಂದು ಹೊಸ ಸಿಸ್ಟಂ ಹಾಕ್ತೀನಿ."

"ಆಮೇಲೆ ಅಮ್ಮನ ಮೆಷಿನ್?"

"ಅದನ್ನ ಯಾರಿಗಾದ್ರೂ ಕೊಟ್ಟುಬಿಡಬೇಕಾಗುತ್ತೆ. ಬ್ಯಾಡ್ಜನ್ನ ಹೊರಗೆ ಮಾಡಿಸಲಿ ಬಿಡು."

ಅಮ್ಮನಿಗೆ ಎಲ್ಲವೂ ಕೇಳಿಸಿತ್ತು. ಅವಳು ಮೆಷಿನ್ ಮೇಲೆ ಕೂತಿದ್ದ ದಾರದ ಧೂಳನ್ನು ಬ್ರಷ್ಷಿನಿಂದ ಒರೆಸಿದಳು. ಒರೆಸಿದ ಜಾಗವನ್ನೇ ಇನ್ನೊಮ್ಮೆ ಒರೆಸಿದಳು.

ಮರುದಿನ ಬೆಳಿಗ್ಗೆ ತಿಂಡಿ ಮುಗಿದದ್ದೇ ಜೀರುಂಡೆ ಮೇಜಿನ ಮುಂದೆ ಹಾಜರಾದಳು. ಕಂಪ್ಯೂಟರ್ ಆನ್ ಮಾಡಿ, ಇನ್ನೊಂದು ಸಲ ನೋಡೋಣ ಎಂದು ಮೆಷಿನ್ನಿನ ಕೇಬಲ್ ಕಿತ್ತು ಅದರ ತುದಿಯನ್ನು ಒರೆಸತೊಡಗಿದಳು.

"ನಿಂದು ಮುಗಿಯೋದ್ರೊಳಗೆ ನಾನು ಬಾಬಿನ್ನಿಗೆ ದಾರ ಸುತ್ಕೋತೀನಿ," ಎಂದಳು ಅಮ್ಮ.

ಅಡಿದಾರದ ಪುಟ್ಟ ಉರುಳೆಯೇ ಬಾಬಿನ್. ಅದಕ್ಕೆ ದಾರ ಸುತ್ತಲು ಕಂಪ್ಯೂಟರಿನ ಹಂಗಿಲ್ಲ, ಮೆಷಿನ್ನಿನ ಮೋಟಾರ್ ಒಂದೇ ಸಾಕು. ಅಮ್ಮ ಗುಂಡಿ ಒತ್ತಿದಳು. ಮೋಟಾರ್ ಗರ್‍ರ್ ಎಂದಿತು. ಮೇಜಿನ ಮೇಲಿದ್ದ ಗುಂಡುಸೂಜಿ ಡಬ್ಬಿ ಗಲಗಲ ಸದ್ದು ಮಾಡಿತು.

ಕಂಪ್ಯೂಟರಿನ ಪರದೆ ಕಪ್ಪಾಯಿತು.

ಜೀರುಂಡೆ ತನ್ನ ಕೈಯನ್ನು ನೋಡಿಕೊಂಡಳು. ಕೇಬಲ್ ಇನ್ನೂ ಅಲ್ಲೇ ಇತ್ತು. ಅದರ ತುದಿ ಯಾವುದಕ್ಕೂ ಸಿಕ್ಕಿಸಿರಲಿಲ್ಲ.

"ಅಮ್ಮ, ಈಗ ಏನು ಮಾಡಿದೆ?"

"ನಾನೇನೂ ಮುಟ್ಟಿಲ್ಲಪ್ಪ. ದಾರ ಸುತ್ತಿದೆ ಅಷ್ಟೆ."

"ಬಾಲಾನೇ ಇಲ್ಲ. ಡಿಸೈನೇ ಓಪನ್ ಆಗಿಲ್ಲ. ಆದ್ರೂ ರೀಸ್ಟಾರ್ಟ್ ಆಯ್ತು."

ಅವಳು ಕಂಪ್ಯೂಟರ್ ಪೂರ್ತಿ ಆನ್ ಆಗುವವರೆಗೆ ಕಾದಳು. ಆಮೇಲೆ ಮುಷ್ಟಿಯಿಂದ ಮೇಜಿಗೆ ಒಂದು ಗುದ್ದು ಗುದ್ದಿದಳು. ಪರದೆ ಕಪ್ಪಾಯಿತು. ಮತ್ತೆ ಕಾದು, ಈ ಸಲ ಕಂಪ್ಯೂಟರಿನ ತಗಡಿನ ಪೆಟ್ಟಿಗೆಗೆ ಎರಡು ಬೆರಳಿನಿಂದ ಬಾಗಿಲು ಬಡಿದ ಹಾಗೆ ಬಡಿದಳು. ಆಗಲೂ ಕಪ್ಪಾಯಿತು.

"ಇದು ಜೀರ್ಣ ಆಗದೆ ಇರೋದಲ್ಲಮ್ಮ. ಇದಕ್ಕೆ ನಡುಕ ಆಗಿಬರ್ತಿಲ್ಲ. ಬಾಲ ಹೊಲಿಯುವಾಗ ಮೇಜು ಜಾಸ್ತಿ ಅಲ್ಲಾಡುತ್ತಲ್ಲ, ಅದಕ್ಕೇ."

"ಹಾಗಾದ್ರೆ ಪೆಟ್ಟಿಗೆನ ನೆಲದ ಮೇಲಿಡೋಣ."

"ಕೇಬಲ್ ಎಟುಕಲ್ಲ. ಒಳಗೆ ಏನೋ ಎಲ್ಲೋ ತಾಗ್ತಿದೆ. ಬಿಚ್ಚಿ ನೋಡ್ಲಾ?"

ಅಮ್ಮ ಬಾಲವಿಲ್ಲದ ಹುಂಜಗಳನ್ನು ನೋಡಿದಳು, ಗಡಿಯಾರ ನೋಡಿದಳು, ಮಗಳ ಮುಖ ನೋಡಿದಳು. "ಬಿಚ್ಚಿದ್ದನ್ನ ವಾಪಸ್ ಜೋಡಿಸೋಕೆ ಬರುತ್ತಲ್ಲ?"

"ಮೊದಲ ಸಲ ಜೋಡಿಸಿದ್ದು ಯಾರು?"

"ಅದಕ್ಕೇ ಕೇಳ್ತಿದೀನಿ," ಎಂದು ಅಮ್ಮ ನಕ್ಕು ಅಡುಗೆಮನೆಗೆ ಹೋದಳು.

ಮಾವ ಕಲಿಸಿದಂತೆ ಜೀರುಂಡೆ ಮೊದಲು ಪ್ಲಗ್ ಕಿತ್ತಳು. ಪೆಟ್ಟಿಗೆಯ ತಗಡನ್ನು ಮುಟ್ಟಿ, ಮೈಯಲ್ಲಿ ಕೂತಿರಬಹುದಾದ ಕರೆಂಟನ್ನು ಇಳಿಸಿಕೊಂಡಳು. ತಂತಿಗಳನ್ನು ಒಂದೊಂದಾಗಿ ಅಲ್ಲಾಡಿಸಿ ನೋಡಿದಳು. ಯಾವುದೂ ಸಡಿಲವಿರಲಿಲ್ಲ. ಉಳಿದದ್ದು ಮದರ್‌ಬೋರ್ಡ್. ಸ್ಕ್ರೂಗಳನ್ನು ಬಿಚ್ಚಿ ತಟ್ಟೆಯಲ್ಲಿ ಹಾಕಿ, ಬೋರ್ಡನ್ನು ಅಂಚಿನಲ್ಲಿ ಹಿಡಿದು ಮೇಲೆತ್ತಿದಳು.

ಬೋರ್ಡಿನ ಬೆನ್ನು ತಗಡಿಗೆ ತಾಗಬಾರದು. ತಾಗಿದರೆ ಕರೆಂಟು ದಾರಿ ತಪ್ಪುತ್ತದೆ. ಅದಕ್ಕೆ ಪೆಟ್ಟಿಗೆಯ ತಳದಲ್ಲಿ ಹಿತ್ತಾಳೆಯ ಪುಟ್ಟ ಪುಟ್ಟ ಕಾಲುಗಳನ್ನು ಕೂರಿಸಿ, ಅವುಗಳ ಮೇಲೆ ಬೋರ್ಡನ್ನು ನಿಲ್ಲಿಸುತ್ತಾರೆ. ಬೋರ್ಡಿನಲ್ಲಿ ತೂತು ಇರುವ ಕಡೆ ಮಾತ್ರ ಕಾಲು ಇರಬೇಕು.

ಅಲ್ಲಿ ಒಂದು ಕಾಲು ಹೆಚ್ಚಾಗಿತ್ತು.

ಅದನ್ನು ಕಂಡಕೂಡಲೇ ಅವಳಿಗೆ ಆ ಭಾನುವಾರ ನೆನಪಾಯಿತು. ಪೆಟ್ಟಿಗೆ ದೊಡ್ಡದು, ಬೋರ್ಡು ಚಿಕ್ಕದು. ಪೆಟ್ಟಿಗೆಯ ತಳದಲ್ಲಿ ಒಂದು ತೂತು ಖಾಲಿ ಉಳಿದಿತ್ತು. ಮಾವ ಟೀ ಕುಡಿಯಲು ಎದ್ದುಹೋಗಿದ್ದ. ಹಲ್ಲು ಬಿದ್ದ ಬಾಯಿಯ ಹಾಗೆ ಕಾಣುತ್ತಿದ್ದ ಆ ತೂತನ್ನು ಅವಳಿಗೆ ಹಾಗೆ ಬಿಡಲು ಮನಸ್ಸಾಗಿರಲಿಲ್ಲ. ಖಾಲಿ ಜಾಗ ಕಂಡರೆ ಅವಳಿಗೆ ಆಗದು. ಡ್ರಾಯಿಂಗ್ ಪುಸ್ತಕದ ಆಕಾಶದಲ್ಲೂ ಹಕ್ಕಿ ತುಂಬಿಸುವವಳು. ಚೀಲದ ಅಡಿಯಲ್ಲಿ ಬೇರೆ ಯಾವುದೋ ಪೆಟ್ಟಿಗೆಯದೊಂದು ಕಾಲು ಸಿಕ್ಕಿತ್ತು. ಅದನ್ನೇ ತಿರುಗಿಸಿ ಕೂರಿಸಿಬಿಟ್ಟಿದ್ದಳು.

ಆ ಕಾಲು ಉಳಿದವಕ್ಕಿಂತ ಕೂದಲೆಳೆಯಷ್ಟು ಗಿಡ್ಡ. ಸುಮ್ಮನಿದ್ದಾಗ ಬೋರ್ಡಿಗೆ ತಾಗುತ್ತಿರಲಿಲ್ಲ. ಮೇಜು ನಡುಗಿದಾಗ ತಾಗುತ್ತಿತ್ತು. ಬೋರ್ಡಿನ ಬೆನ್ನಿನಲ್ಲಿ, ಅದರ ನೇರಕ್ಕೆ, ಉಗುರಿನಿಂದ ಗೀಚಿದಷ್ಟು ಒಂದು ಗುರುತಿತ್ತು.

ಜೀರುಂಡೆಯ ಕಿವಿ ಬಿಸಿಯಾಯಿತು. ಅಡುಗೆಮನೆಯ ಕಡೆ ನೋಡಿದಳು. ಅಮ್ಮ ಬೆನ್ನು ಹಾಕಿ ನಿಂತಿದ್ದಳು. ಜೀರುಂಡೆ ಆ ಕಾಲನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡಳು.

ಎಲ್ಲವನ್ನೂ ಮತ್ತೆ ಜೋಡಿಸಿ ಕಂಪ್ಯೂಟರ್ ಆನ್ ಮಾಡಿದಳು. ಅಮ್ಮ ಹೊಸ ಬಟ್ಟೆ ಕೂರಿಸಿದಳು. ಕೊಕ್ಕು, ಜುಟ್ಟು, ಎದೆ, ಕಾಲು. ಬಾಲ ಶುರುವಾಯಿತು. ಮೆಷಿನ್ ಗರ್‍ರ್ ಎಂದಿತು, ಗುಂಡುಸೂಜಿ ಡಬ್ಬಿ ಗಲಗಲ ಅಂದಿತು. ಇಬ್ಬರೂ ಉಸಿರು ಬಿಗಿಹಿಡಿದು ಪರದೆಯನ್ನೇ ನೋಡಿದರು. ಕೆಂಪು ದಾರ ಗೆರೆಯ ಪಕ್ಕ ಗೆರೆಯಾಗಿ ತುಂಬಿಕೊಂಡು, ಹುಂಜ ಬಾಲ ಬಿಚ್ಚಿ ನಿಂತಿತು.

"ಅಬ್ಬ, ಬಂತು ನೋಡು. ಏನೇ ಆಗಿತ್ತು ಒಳಗೆ?" ಅಮ್ಮ ಕೇಳಿದಳು.

"ಏನೋ ತಾಗ್ತಿತ್ತು. ಸರಿ ಮಾಡಿದೆ."

ಅಮ್ಮ ಮುಂದಿನ ಬಟ್ಟೆ ತೆಗೆದುಕೊಂಡಳು. ಹೆಚ್ಚು ಕೇಳಲಿಲ್ಲ.

ಸಂಜೆ ಮಾವ ಪೆನ್ ಡ್ರೈವ್ ತಿರುಗಿಸುತ್ತಾ ಒಳಗೆ ಬಂದ. ಸಾಲಾಗಿ ಮಲಗಿದ್ದ ಹುಂಜಗಳನ್ನು ಕಂಡು ಹುಬ್ಬೇರಿಸಿದ. "ಎಲ್ಲದಕ್ಕೂ ಬಾಲ ಇದೆಯಲ್ಲ. ಯಾವ ಮಂತ್ರ ಹಾಕಿದೆ, ಜೀರುಂಡೆ?"

"ಮಧ್ಯಾಹ್ನದಿಂದ ಒಂದು ಸಲಾನೂ ಆಫ್ ಆಗಿಲ್ಲ ಕಣೋ," ಎಂದಳು ಅಮ್ಮ.

"ಇವತ್ತು ಆಗಿಲ್ಲ ಅಕ್ಕ. ನಾಳೆ ಆರ್ಡರ್ ತಲೆ ಮೇಲಿರುವಾಗ ಮತ್ತೆ ಕೈಕೊಡುತ್ತೆ. ಈ ಸಿಸ್ಟಂನ ನಂಬ್ಕೊಂಡು ಕೂರೋಕಾಗಲ್ಲ. ಬ್ಯಾಡ್ಜ್ ಹೇಗೂ ಮುಗೀತಲ್ಲ, ಹೊಸದು ಹಾಕಿಬಿಡ್ತೀನಿ. ಮೆಷಿನ್ ಕೊಳ್ಳೋರನ್ನೂ ವಿಚಾರಿಸಿದೀನಿ."

ಅಮ್ಮ ಮೆಷಿನ್ ಮೇಲೆ ಕೈಯಿಟ್ಟಳು. "ಹಾಗಂತೀಯಾ," ಎಂದಳು ಮೆಲ್ಲಗೆ.

ಮಾವ ಪೆನ್ ಡ್ರೈವಿನ ಮುಚ್ಚಳ ತೆಗೆದ.

ಜೀರುಂಡೆ ಜೇಬಿಗೆ ಕೈ ಹಾಕಿದಳು. ಹಿತ್ತಾಳೆಯ ಕಾಲು ಬೆಚ್ಚಗಾಗಿತ್ತು. ಅದನ್ನು ಮಾವನ ಮುಂದೆ ಮೇಜಿನ ಮೇಲೆ ನಿಲ್ಲಿಸಿದಳು.

"ಸಿಸ್ಟಂದು ತಪ್ಪಿಲ್ಲ ಮಾವ. ಇದು ಬೋರ್ಡಿನ ಕೆಳಗಿತ್ತು. ಬೋರ್ಡಲ್ಲಿ ತೂತು ಇಲ್ಲದ ಕಡೆ. ನೀನು ಟೀ ಕುಡಿಯೋಕೆ ಹೋದಾಗ ನಾನೇ ಹಾಕಿದ್ದೆ. ಮೇಜು ಅಲ್ಲಾಡಿದ್ರೆ ತಾಗ್ತಿತ್ತು."

ಮಾವ ಅದನ್ನು ಬೆರಳ ತುದಿಯಲ್ಲಿ ಎತ್ತಿ, ಹಿಂದೆ ಮುಂದೆ ತಿರುಗಿಸಿ ನೋಡಿದ. ಆಮೇಲೆ ಅಂಗೈಯಿಂದ ಮೇಜಿಗೆ ಧಡ್ ಎಂದು ಬಡಿದ. ಗುಂಡುಸೂಜಿಗಳು ಹಾರಿದವು. ಪರದೆ ಕಪ್ಪಾಗಲಿಲ್ಲ.

"ಯಾಕೆ ಹಾಕಿದೆ?"

"ತೂತು ಖಾಲಿ ಇತ್ತು."

ಮಾವನಿಗೆ ನಗು ತಡೆಯಲಾಗಲಿಲ್ಲ. "ಟೀ ಕುಡಿದು ಬಂದವನು ನಾನೂ ನೋಡಬೇಕಿತ್ತು. ಇದರಲ್ಲಿ ನಂದೂ ಅರ್ಧ ಪಾಲಿದೆ." ಅವನು ಪೆನ್ ಡ್ರೈವಿಗೆ ಮುಚ್ಚಳ ಹಾಕಿ ಜೇಬಿಗಿಳಿಸಿದ.

"ನಾನು ಮೊದಲ ಸಲ ಶರ್ಟ್ ಹೊಲಿದಾಗ ಎರಡೂ ಎಡಗೈ ತೋಳೇ ಹಾಕಿದ್ದೆ," ಎಂದಳು ಅಮ್ಮ. "ಇವನಿಗೇ ತೊಡಿಸಿದ್ದೆ. ಪಾಪ, ಎರಡು ದಿನ ಹಾಕ್ಕೊಂಡ."

"ಎರಡಲ್ಲ ಅಕ್ಕ, ಒಂದು ವಾರ. ನೀನು ಬಿಚ್ಚೋಕೇ ಬಿಡಲಿಲ್ಲ."

ಜೀರುಂಡೆ ಕಂಪ್ಯೂಟರ್ ಪೆಟ್ಟಿಗೆಯ ನೆತ್ತಿಯನ್ನು ಸವರಿದಳು. "ಪಾಪ, ಇದನ್ನ ಸುಮ್ನೆ ಬೈದ್ವಿ."

ಅಮ್ಮ ಹಾಳಾದ ಬ್ಯಾಡ್ಜುಗಳನ್ನು ಗುಡ್ಡೆ ಮಾಡಿದಳು. "ಇವಕ್ಕೆ ಬಿಡುವಾದಾಗ ಕೈಯಲ್ಲೇ ಬಾಲ ಹಾಕ್ತೀನಿ."

"ಒಂದು ನನಗೆ ಬೇಕು. ಹೀಗೇ ಇರಲಿ."

ಸೋಮವಾರ ಮೈದಾನಕ್ಕೆ ಹೊರಟ ಗೋಲ್‌ಕೀಪರ್ ಗೆಳತಿ, ಎದೆಯ ಮೇಲೆ ಬಾಲ ಬಿಚ್ಚಿದ ಹುಂಜವನ್ನು ಹೊತ್ತುಕೊಂಡು, ಬಾಲವಿಲ್ಲದ ಹುಂಜ ಹಚ್ಚಿದ್ದ ಜೀರುಂಡೆಯ ಬ್ಯಾಗಿನ ಮುಂದೆ ನಿಂತಳು.

"ನಿಂದಕ್ಕೆ ಬಾಲ ಎಲ್ಲೇ? ಇಷ್ಟು ಜಾಗ ಖಾಲಿ ಇದೆ. ಸ್ಕೆಚ್ ಪೆನ್ ಕೊಡ್ಲಾ?"

ಜೀರುಂಡೆ ಹುಂಜದ ಹಿಂದಿನ ಬಿಳಿ ಜಾಗದ ಮೇಲೆ ಬೆರಳಾಡಿಸಿದಳು.

"ಬೇಡ ಬಿಡು," ಎಂದು ಬ್ಯಾಗನ್ನು ಹೆಗಲಿಗೇರಿಸಿದಳು. "ನಡಿ, ಪಂದ್ಯ ಶುರುವಾಗುತ್ತೆ."