ಗೊರಕೆಯ ದಿಂಬು

ಮೊದಲು ಒಂದು ಮಾತು. 'ತಾತನಿಗೆ ಅರಳುಮರಳು, ಹೇಳೋದರಲ್ಲಿ ಅರ್ಧ ಕಲಬೆರಕೆ' ಅಂತ ಹಿಂದಿನ ಸಲ ಈ ಫೋನ್ ಗುಂಪಿನಲ್ಲಿ ಹಲ್ಲು ಕಿರಿದವರು ಯಾರು? ಕೇಳಿ. ಕನ್ನಡಕ ಎಲ್ಲಿಟ್ಟೆ ಅನ್ನೋದು ನನಗೆ ಮರೆತಿರಬಹುದು. ಹೆಣ ಎಲ್ಲಿ ಬಿದ್ದಿತ್ತು ಅನ್ನೋದು ಮರೆತಿಲ್ಲ. ನಿಮ್ಮ ನೆನಪು ಫೋನಿನಲ್ಲಿದೆ, ಚಾರ್ಜು ಹೋದರೆ ಅದೂ ಹೋಯಿತು. ನನ್ನದು ತಲೆಯಲ್ಲಿದೆ. ಬಾಯಿ ಮುಚ್ಚಿ, ಕಿವಿ ತೆರೆಯಿರಿ.

ಹೆಣ ಬಿದ್ದಿದ್ದು ಲಾರಿಯ ಕ್ಯಾಬಿನ್ನಿನಲ್ಲಿ. ಮಟಮಟ ಮಧ್ಯಾಹ್ನ.

ಮೊದಲು ಕಂಡವಳು ಗೊರಕೆಯ ಹೆಂಡತಿ. ಗೊರಕೆ ಅಂದರೆ ಆ ಲಾರಿಯ ಡ್ರೈವರ್. ಅವನು ನಿದ್ದೆಗೆ ಬಿದ್ದರೆ ಪಕ್ಕದ ಲಾರಿಯ ಗಾಜು ಅದುರುತ್ತಿತ್ತು, ಅದಕ್ಕೇ ಆ ಹೆಸರು. ಗಂಡನ ಊಟದ ಡಬ್ಬಿ ಹಿಡಿದು ಲಾರಿ ನಿಲ್ಲುವ ಅಂಗಳಕ್ಕೆ ಬಂದಳು, ಕ್ಯಾಬಿನ್ನಿನ ಎಡಬಾಗಿಲು ಎಳೆದಳು. ಗಡ್ಡ ಅಂತ ಎಲ್ಲರೂ ಕರೆಯುತ್ತಿದ್ದ ಇನ್ನೊಬ್ಬ ಡ್ರೈವರ್ ಮೂಟೆಯ ಹಾಗೆ ಅವಳ ಕಾಲ ಬುಡಕ್ಕೆ ಉರುಳಿದ. ಹಿಂದಲೆ ಒಡೆದ ಮಡಕೆ. ಒಳಗೆ ಗಂಡ, ಎರಡೂ ಅಂಗೈ ರಕ್ತ. ಪಕ್ಕದಲ್ಲಿ ಚಕ್ರದ ನಟ್ಟು ಬಿಚ್ಚುವ ಪಾನಾ. ಅದಕ್ಕೆ ಕೂದಲು ಅಂಟಿತ್ತು.

ಅವಳ ಚೀರಾಟಕ್ಕೆ ಅಂಗಳವೇ ಓಡಿ ಬಂತು. ಸತ್ತ ಗಡ್ಡ ಎಲ್ಲರಿಗೂ ಬೇಕಾದವನು. ಕೇಳುವವರು ಯಾರು, ಹೇಳುವವರು ಯಾರು? ಗೊರಕೆಯನ್ನು ಎಳೆದು ಕೆಡವಿ ತುಳಿದರು. ಹಲ್ಲು ಉದುರಿದವು, ಒಂದು ಕಣ್ಣು ಮುಚ್ಚಿಹೋಯಿತು. ಇನ್‌ಸ್ಪೆಕ್ಟರಮ್ಮ ಬಂದು ಲಾಠಿ ಬೀಸದಿದ್ದರೆ ಅವತ್ತು ಅಲ್ಲಿ ಎರಡು ಹೆಣ.

ಜೀಪು ಠಾಣೆ ಮುಟ್ಟುವ ಮೊದಲೇ ಟಿವಿ ಕೂಗುತ್ತಿತ್ತು — 'ನಿದ್ದೆಗಣ್ಣಿನ ನರಹಂತಕ!'

ಕೂಗುತ್ತಿದ್ದವನಿಗೆ ಊರಿಟ್ಟ ಹೆಸರು ಬ್ರೇಕಿಂಗ್. ಲಾರಿಯವರ ನಿದ್ದೆಯೇ ಅವನ ಅನ್ನ. ಸ್ವಲ್ಪ ದಿನದ ಹಿಂದೆ ಒಂದು ದೃಶ್ಯ ತೋರಿಸಿದ್ದ. ಮುಖಕ್ಕೆ ಟವೆಲ್ ಸುತ್ತಿದ ಡ್ರೈವರ್ ತೂಕಡಿಸುತ್ತಾನೆ, ಲಾರಿ ವಾಲುತ್ತದೆ, ರಸ್ತೆ ಬದಿಯ ಹೂವಿನ ಮುದುಕಿ ಚಕ್ರದಡಿ. ಆ ಡ್ರೈವರ್ ಯಾರೆಂದು ಅವನು ಬಾಯಿ ಬಿಡಲಿಲ್ಲ. ಅಂದಿನಿಂದ ಲಾರಿ ಕಂಡಲ್ಲಿ ಜನ ಕಲ್ಲೆತ್ತುತ್ತಿದ್ದರು. ಈಗ ಆ ಕಲ್ಲೆಲ್ಲ ಠಾಣೆಯ ಗೇಟಿನ ಮುಂದೆ ಬಂದು ನಿಂತಿದ್ದವು.

ಮೇಲಧಿಕಾರಿ ಫೋನಿನಲ್ಲಿ ಗುಡುಗಿದರು. "ಸಂಜೆಯೊಳಗೆ ಅವನನ್ನು ಜೈಲಿಗೆ ಕಳಿಸಿ."

"ಸಾರ್, ಗೇಟು ದಾಟಿಸಿದರೆ ಹರಿದು ತಿಂತಾರೆ."

"ತಿನ್ನಲಿ. ಕೊಲೆಗಾರ ತಾನೇ?"

ಇನ್‌ಸ್ಪೆಕ್ಟರಮ್ಮ ಫೋನ್ ಕುಕ್ಕಿದರು. ಗೊರಕೆಯ ಎದುರು ಕುರ್ಚಿ ಎಳೆದು ಕೂತರು.

"ಕೊಂದೆಯಾ?"

"ಗೊತ್ತಿಲ್ಲ ಮೇಡಂ."

"ಗೊತ್ತಿಲ್ಲ ಅಂದ್ರೆ?"

"ಟಿವಿಯೋರು ಹೇಳ್ತಿದಾರಲ್ಲ, ನಿದ್ದೇಲೇ ಹೊಡೆದೆ ಅಂತ. ಹೊಡೆದಿರಬಹುದು. ಎರಡು ದಿನ ರೆಪ್ಪೆ ಮುಚ್ಚದೆ ಗಾಡಿ ಓಡಿಸಿದೀನಿ. ಆಮೇಲೆ ನಿದ್ದೆ ಹತ್ತಿದ್ರೆ ಲೋಕ ಮುಳುಗಿದ್ರೂ ನಂಗೆ ಗೊತ್ತಾಗಲ್ಲ." ಒಡೆದ ತುಟಿ ಒರೆಸಿಕೊಂಡ. "ಗಡ್ಡ ನನ್ನ ತಮ್ಮ ಇದ್ದ ಹಾಗೆ, ಮೇಡಂ. ಅವನನ್ನ ನಾನು... ಹೌದಾ?"

ತನ್ನ ಮೇಲೆ ತನಗೇ ಅನುಮಾನ! ಇನ್‌ಸ್ಪೆಕ್ಟರಮ್ಮನಿಗೆ ಅಲ್ಲೇ ಚುಳ್ಳೆಂದಿತು. ಕೊಲೆಗಾರರು 'ನಾನಲ್ಲ' ಅಂತ ಆಣೆ ಹಾಕಿದ್ದು ಬೇಕಾದಷ್ಟು ಕೇಳಿದ್ದರು. 'ನಾನೇನಾ?' ಅಂತ ಕೇಳಿದವನು ಇವನೊಬ್ಬನೇ.

"ಬೇರೆ ಏನಾದ್ರೂ ನೆನಪಿದೆಯಾ?"

"ಯಾರೋ ಕಂಕುಳಿಗೆ ಕೈ ಹಾಕಿ ಹಿಂದಕ್ಕೆ ಎಳೆದ ಹಾಗಾಯ್ತು. ಕನಸು ಅಂದ್ಕೊಂಡೆ. ಆಮೇಲೆ ಉಸಿರು ಸಿಗಲಿಲ್ಲ."

ಹೊರಗೆ ಗಾಜು ಪುಡಿಯಾದ ಸದ್ದು. ಠಾಣೆಯ ಕಿಟಕಿ ಹೋಯಿತು. ಇನ್‌ಸ್ಪೆಕ್ಟರಮ್ಮ ಏಳಲಿಲ್ಲ. ಅವನ ಭುಜ ಹಿಡಿದು ತಿರುಗಿಸಿದರು. ಬಿಳಿ ಅಂಗಿಯ ಬೆನ್ನಿನ ತುಂಬ ರಕ್ತದ ಹನಿ, ಪೊರಕೆ ಅದ್ದಿ ಕೊಡವಿದ ಹಾಗೆ. ಎದೆಯ ಮೇಲೆ? ಅವನ ಒಡೆದ ಬಾಯಿಂದ ಈಗ ಸೋರುತ್ತಿದ್ದುದನ್ನು ಬಿಟ್ಟರೆ ಏನೂ ಇಲ್ಲ.

ಹೆಂಡತಿಯನ್ನು ಒಳಗೆ ಕರೆದರು.

"ನೀನು ಬಾಗಿಲು ತೆಗೆದಾಗ ಗಂಡ ಹೇಗಿದ್ದ?"

"ಅಂಗಾತ ಮಲಗಿದ್ರು ಮೇಡಂ! ಸೀಟಿನ ಹಿಂದಿನ ಹಲಗೆ ಮೇಲೆ!"

"ಅದರಲ್ಲೇನು ವಿಶೇಷ?"

"ಅಯ್ಯೋ, ಅಂಗಾತ ಮಲಗಿದ್ರೆ ಅವರು ಉಳಿಯಲ್ಲ! ಗಂಟಲು ಕಟ್ಟಿ ಉಸಿರೇ ನಿಂತುಹೋಗುತ್ತೆ. ಅದೊಂದು ಕಾಯಿಲೆ ಅಂದಿದಾರೆ ಡಾಕ್ಟ್ರು. ಮನೇಲಿ ಗೋಡೆಗೆ ಒರಗಿ ಕೂತೇ ಮಲಗ್ತಾರೆ. ಲಾರೀಲಿ ಗಾಳಿ ತುಂಬಿದ ಟ್ಯೂಬನ್ನ ಸ್ಟೇರಿಂಗ್ ಮೇಲಿಟ್ಟು, ಅದನ್ನ ತಬ್ಬಿಕೊಂಡು ಮಲಗ್ತಾರೆ."

"ಇವತ್ತು ಟ್ಯೂಬು ಎಲ್ಲಿತ್ತು?"

"ತಲೆ ಕೆಳಗೆ. ದಿಂಬಿನ ಹಾಗೆ. ಕಿಟಕಿ ಪರದೆ ಬೇರೆ ಸರಿಸಿತ್ತು, ಬಿಸಿಲು ನೇರ ಮುಖಕ್ಕೆ. ತುಟಿ ನೀಲಿ ಆಗಿತ್ತು. ಗಡ್ಡಣ್ಣನ ಹೆಣ ದಾಟಿ ಹತ್ತಿ, ಕೂದಲು ಹಿಡಿದು ಎಬ್ಬಿಸಿ ಕೂರಿಸಿ, ಕೆನ್ನೆಗೆ ನಾಲ್ಕು ಬಾರಿಸಿದೆ. ಉಸಿರು ಬಂತು. ಆಮೇಲೇ ನಾನು ಚೀರಿದ್ದು."

"ಅಂದ್ರೆ ಜನ ಬಂದಾಗ ಅವನು ಕೂತಿದ್ದ?"

"ಹೂಂ. ಟ್ಯೂಬನ್ನೂ ನಾನೇ ಕಾಲಲ್ಲಿ ಒದ್ದಿದ್ದೆ."

"ಇದನ್ನ ಯಾರಿಗಾದ್ರೂ ಹೇಳಿದೆಯಾ?"

"ಯಾರು ಕೇಳಿದ್ರು, ಹೇಳೋಕೆ?"

"ಗಡ್ಡ ಯಾಕೆ ಬಂದಿದ್ದ ಅಲ್ಲಿಗೆ?"

"ಅವನಿಗೂ ನಿದ್ದೆ ಇರಲಿಲ್ಲ. 'ಅಕ್ಕ, ಕಣ್ಣು ಮುಚ್ಚಿದ್ರೆ ಆ ಹೂವಿನ ಮುದುಕಿ ಬರ್ತಾಳೆ, ಟಿವಿಯೋನ ಮಾತು ಕೇಳಿ ಕೆಟ್ಟೆ' ಅಂತ ಮೊನ್ನೆ ಅತ್ತ. ಇವತ್ತು ಇವರನ್ನ ಜೊತೆಗೆ ಕರ್ಕೊಂಡು ನಿಮ್ಮ ಹತ್ರಾನೇ ಬರ್ತೀನಿ ಅಂದಿದ್ದ."

ಮುಂದೆ ಲಾರಿ ಮಾಲೀಕ. ಹೊಟ್ಟೆ ಮೊದಲು ಒಳಗೆ ಬಂತು, ಆಮೇಲೆ ಅವನು.

"ಗೊರಕೆಗೆ ಕಾಯಿಲೆ ಅಂತ ಗೊತ್ತಿತ್ತಾ?"

"ರಜೆ ಕೇಳಿದ್ದ. ಲಾರಿಗೆ ಕಾಯಿಲೆ ಬರಲಿ ಕೊಡ್ತೀನಿ ಅಂದಿದ್ದೆ."

"ಅವನು ಹೇಗೆ ಮಲಗ್ತಾನೆ?"

"ಟ್ಯೂಬು ತಬ್ಬಿಕೊಂಡು. ಅಂಗಳದ ನಾಯಿಗೂ ಗೊತ್ತು. ತಾಳಿ ಕಟ್ಟಿದ್ದು ಹೆಂಡ್ತಿಗಾ, ಟ್ಯೂಬಿಗಾ ಅಂತ ಎಲ್ಲರೂ ಆಡ್ಕೊಳ್ತಾರೆ."

"ಅವನನ್ನ ಅಂಗಾತ ಮಲಗಿಸಿದ್ರೆ?"

ಮಾಲೀಕ ಕಣ್ಣು ಬಿಟ್ಟ. "ಸತ್ತೇ ಹೋಗ್ತಾನೆ! ಅಂಥ ಕೆಲಸ ಯಾರು ಮಾಡ್ತಾರೆ?"

ಅಷ್ಟರಲ್ಲಿ ಪೇದೆಯ ಮೇಜಿನ ಟಿವಿಯಲ್ಲಿ ಬಣ್ಣದ ಗೊಂಬೆಗಳ ಗ್ರಾಫಿಕ್ಸ್ ಓಡುತ್ತಿತ್ತು — 'ಕ್ಯಾಬಿನ್ನಿನಲ್ಲಿ ನಡೆದಿದ್ದೇನು?' ಗೊಂಬೆ ಡ್ರೈವರ್ ಎದ್ದ, ಗೊಂಬೆ ಗಡ್ಡನ ತಲೆ ಒಡೆದ, ಮತ್ತೆ ಟ್ಯೂಬಿಗೆ ತಲೆಯಿಟ್ಟು ಅಂಗಾತ ಮಲಗಿದ. ಇನ್‌ಸ್ಪೆಕ್ಟರಮ್ಮ ನೋಡಿದರು. ನೋಡಿ, ತಣ್ಣಗೆ ಹೇಳಿದರು. "ಆ ಬ್ರೇಕಿಂಗನ್ನ ಒಳಗೆ ಕರೆಯಿರಿ. ನಾನು ಮಾತಾಡ್ತೀನಿ ಅನ್ನಿ."

ಮೈಕು ಮುಂದೆ ಮಾಡಿಕೊಂಡೇ ಬಂದ.

"ಮೇಡಂ, ಹಂತಕ ಒಪ್ಪಿಕೊಂಡನಾ?"

"ಇನ್ನೇನು, ಒಪ್ಪಿಕೊಳ್ತಾನೆ. ನಿಮ್ಮ ಗೊಂಬೆ ಆಟ ಚೆನ್ನಾಗಿದೆ. ಚಿತ್ರ ಹೇಳಿಕೊಟ್ಟವರು ಯಾರು?"

"ನಾನೇ! ಇಂಚಿಂಚೂ ನಿಖರ."

"ಅಂಗಳಕ್ಕೆ ಯಾವಾಗ ಬಂದ್ರಿ?"

"ನೀವು ಅವನನ್ನ ಜೀಪಿಗೆ ಹತ್ತಿಸುವಾಗ."

"ಹಾಗಾದ್ರೆ ಗೊರಕೆ ಅಂಗಾತ ಮಲಗಿದ್ದ, ತಲೆ ಕೆಳಗೆ ಟ್ಯೂಬಿತ್ತು — ಇದು ನಿಮಗೆ ಹೇಗೆ ಗೊತ್ತು?"

"ಯಾರೋ ಹೇಳಿದ್ರು."

"ಯಾರು? ಜನ ಬರುವಷ್ಟರಲ್ಲಿ ಅವನು ಎದ್ದು ಕೂತಿದ್ದ. ಮಲಗಿದ್ದನ್ನ ಕಂಡವರು ಇಬ್ಬರೇ. ಒಬ್ಬಳು ಎಬ್ಬಿಸಿದವಳು. ಇನ್ನೊಬ್ಬ, ಮಲಗಿಸಿದವನು."

ಮೈಕು ಕೆಳಗಿಳಿಯಿತು.

"ಕೇಳು," ಇನ್‌ಸ್ಪೆಕ್ಟರಮ್ಮನ ಬಾಯಲ್ಲಿ ಬಹುವಚನ ಮುಗಿದಿತ್ತು. "ಗಡ್ಡನ ತಲೆ ಒಡೆದಾಗ ಗೊರಕೆ ಪಕ್ಕದಲ್ಲೇ ಸ್ಟೇರಿಂಗಿನ ಮೇಲೆ ಬೋರಲು ಬಿದ್ದು ಮಲಗಿದ್ದ. ಅದಕ್ಕೇ ರಕ್ತ ಸಿಡಿದಿದ್ದು ಬೆನ್ನಿಗೆ. ಟ್ಯೂಬಿನ ಮೇಲೂ ಸಿಡಿದಿದೆ, ಅವನ ಕೆನ್ನೆ, ತೋಳು ಇದ್ದ ಜಾಗ ಮಾತ್ರ ಚೊಕ್ಕವಾಗಿ ಉಳಿದಿದೆ. ಅಂಗಾತ ಬಿದ್ದವನ ಬೆನ್ನು ಯಾರೂ ನೋಡಲ್ಲ ಅಂದ್ಕೊಂಡೆ. ಕೊಂದವನು ಓಡಿಹೋಗ್ತಾನೆ. ನೀನು ಓಡಲಿಲ್ಲ. ಯಾಕೆ? ನಿನ್ನ ಟಿವಿಗೆ ಚಿತ್ರ ಬೇಕಿತ್ತು. ಬೋರಲು ಮಲಗಿದ್ರೆ ಮುಖ ಕಾಣಲ್ಲ. ಕೈಗೆ ರಕ್ತ ಬಳಿದೆ, ಎಳೆದು ಮಲಗಿಸಿದೆ, ದಿಂಬು ಕೊಟ್ಟೆ, ಬೆಳಕಿಗೆ ಪರದೆ ಸರಿಸಿದೆ. ಅಷ್ಟರಲ್ಲಿ ಊಟದ ಡಬ್ಬಿ ಬಂತು, ನೀನು ಇನ್ನೊಂದು ಬಾಗಿಲಿಂದ ಇಳಿದೆ. ಚಿತ್ರ ಸಿಗಲಿಲ್ಲ. ಆ ಸಿಟ್ಟಿಗೆ ಗೊಂಬೆ ಕೈಲಿ ಆಡಿಸಿದೆ."

"ಸುಳ್ಳು! ನಾನ್ಯಾಕೆ ಗಡ್ಡನ್ನ—"

"ಮುದುಕಿ ಮೇಲೆ ಹರಿದ ಲಾರಿ ಓಡಿಸಿದವನು ಗಡ್ಡ. ಅವನಿಗೆ ನಿದ್ದೆ ಹತ್ತಿರಲಿಲ್ಲ. 'ತೂಕಡಿಸು, ಇನ್ನೊಂದು ಸಲ ಕಣ್ಣು ಮುಚ್ಚು' ಅಂತ ಪಕ್ಕದಲ್ಲಿ ಕ್ಯಾಮೆರಾ ಹಿಡಿದು ಕೂತು ಆಡಿಸಿದವನು ನೀನು. ಅದನ್ನ ಇವತ್ತು ನನಗೆ ಹೇಳೋಕೆ ಹೊರಟಿದ್ದ. ಹೌದೋ ಅಲ್ವೋ?"

ಬ್ರೇಕಿಂಗ್ ಕೈ ಬೀಸಿದ. ಮೈಕಿನ ಕಬ್ಬಿಣದ ಕೋಲು ಬಂತು, ನೇರ ಇನ್‌ಸ್ಪೆಕ್ಟರಮ್ಮನ ಹಣೆಗೆ. ರಕ್ತ ಚಿಮ್ಮಿತು. ಅವರು ಹಣೆ ಒರೆಸಿಕೊಳ್ಳಲೂ ಇಲ್ಲ. ಅವನ ಕೈ ತಿರುಚಿ, ಮುಖವನ್ನು ಮೇಜಿಗೆ ಅಪ್ಪಳಿಸಿದರು. ಮೂಗಿನ ಮೂಳೆ ಮುರಿದ ಸದ್ದು ಹೊರಗಿನವರಿಗೂ ಕೇಳಿಸಿತಂತೆ.

"ಹೇಳ್ತೀನಿ, ಹೇಳ್ತೀನಿ!" ಅಂದ. ಹೇಳಿದ.

ಸುದ್ದಿ ಗೇಟು ದಾಟಿತು. ಗೊರಕೆಗೆಂದು ತಂದಿದ್ದ ಕಲ್ಲನ್ನೇ ಜನ ಬ್ರೇಕಿಂಗಿಗೆ ಎತ್ತಿದರು. ಇನ್‌ಸ್ಪೆಕ್ಟರಮ್ಮ ರಕ್ತ ಸೋರುವ ಹಣೆಯಲ್ಲೇ ಬಾಗಿಲಿಗೆ ಅಡ್ಡ ನಿಂತು ಲಾಠಿ ಎತ್ತಿದರು. "ಮಧ್ಯಾಹ್ನ ಇವನ ಮಾತು ಕೇಳಿ ಒಬ್ಬನಿಗೆ ಕಲ್ಲೆತ್ತಿದ್ರಿ. ಈಗ ಯಾರ ಮಾತು ಕೇಳಿ? ನಡೀರಿ ಮನೆಗೆ!"

ಒಳಗೆ ಬಂದು ನೋಡಿದರೆ, ಗೊರಕೆ ಬೆಂಚಿನ ಮೇಲೆ ಕೂತೇ ನಿದ್ದೆ ಹೋಗಿದ್ದ. ಎದೆಗೆ ಟ್ಯೂಬು ಇಲ್ಲವಲ್ಲ, ಹೆಂಡತಿ ಅಂಗೈಯಿಂದ ಅವನ ಹಣೆ ಆನಿಸಿ ಹಿಡಿದು ನಿಂತಿದ್ದಳು. ಒಂದು ಕೈ ಸೋತರೆ ಇನ್ನೊಂದು ಕೈ ಆನಿಸುತ್ತಿದ್ದಳು. ಬಿಡಲಿಲ್ಲ. ಅವನು ಎದ್ದ ಮೇಲೆ ಕೇಳಿದ ಮೊದಲ ಮಾತು — "ನಾನಲ್ಲ ತಾನೇ?"

ಇಡೀ ಮಧ್ಯಾಹ್ನ 'ನರಹಂತಕ' ಅಂತ ಕೂಗಿದ ಟಿವಿ, 'ಅವನಲ್ಲ' ಅಂತ ಒಂದೇ ಒಂದು ಸಲ ಹೇಳಲಿಲ್ಲ. ಮರುದಿನ ಬೇರೆ ಗೊಂಬೆ, ಬೇರೆ ಆಟ. ದೂರದ ಊರುಗಳಲ್ಲಿ ಇವತ್ತಿಗೂ ಗೊರಕೆಯ ಮುಖ ಕಂಡರೆ ಮಕ್ಕಳನ್ನು ಒಳಗೆ ಕರೆದುಕೊಳ್ಳುವವರಿದ್ದಾರೆ. ಅದಕ್ಕೇ ಹೇಳಿದೆ. ನೆನಪು ನನ್ನದು, ಬಾಯಿ ನಿಮ್ಮದೂ ಇರಲಿ. ಕೇಳಿ ಸುಮ್ಮನಾಗಬೇಡಿ, ಇದನ್ನು ಇನ್ನೊಬ್ಬರಿಗೆ ದಾಟಿಸಿ. ಅವನು ಹೋಗುವ ದಾರಿಯ ಊರುಗಳಿಗೆ ಮೊದಲು ಕಳಿಸಿ.